ಗೃಹಪ್ರವೇಶ ಆಯ್ತು, ನಿದ್ದೆ ಹೋಯ್ತು

ಪ್ರಶ್ನೆ: ಡಾಕ್ಟ್ರೇ, ವಯಸ್ಸು 39. ಆರು ತಿಂಗಳ ಹಿಂದೆ ಕೆಂಗೇರಿಯಲ್ಲಿ ಫ್ಲ್ಯಾಟ್ ತಗೊಂಡೆ. 20 ವರ್ಷದ ಇಎಂಐ, ಅದು ಯಾರಿಗಿಲ್ಲ ಬಿಡಿ. ಪ್ರಮೋಷನ್ನೂ ಆಯಿತು. ಆದರೆ ರಾತ್ರಿ ಮೂರಕ್ಕೇ ಎಚ್ಚರ. ನಿದ್ದೆಯಲ್ಲಿ ಹಲ್ಲು ಕಡಿಯುತ್ತೀರಿ ಅಂತ ಹೆಂಡತಿ ಹೇಳುತ್ತಾಳೆ. ಮಕ್ಕಳ ಮೇಲೆ ಸುಮ್ನೆ ರೇಗುತ್ತೇನೆ. ಕಷ್ಟವೇ ಇಲ್ಲದವನಿಗೆ ಟೆನ್ಷನ್ ಯಾಕೆ?

ಉತ್ತರ: ಕಷ್ಟ ಇಲ್ಲ ಅಂದವರು ಯಾರು? ಇಎಂಐ ಬಗ್ಗೆ ನೀವೇ ಬರೆದು, ನೀವೇ ‘ಬಿಡಿ’ ಅಂದಿದ್ದೀರಿ!

ಶುಭಕಾರ್ಯವೂ ಮನಸ್ಸಿಗೆ ಭಾರವೇ. ಹೋಮ್ಸ್ ಮತ್ತು ರಾಹೆ ಅಂತ ಅಮೆರಿಕದ ಇಬ್ಬರು ಮನೋವೈದ್ಯರು 1967ರಲ್ಲಿ ಬದುಕಿನ ಬದಲಾವಣೆಗಳಿಗೆ ಅಂಕ ಕೊಟ್ಟರು. ಸಂಗಾತಿಯ ಸಾವಿಗೆ 100. ಮದುವೆಗೆ 50, ಕೆಲಸ ಹೋದರೆ 47 (ನಗಬೇಡಿ, ಪಟ್ಟಿಯಲ್ಲಿ ಹಾಗೇ ಇದೆ). ದೊಡ್ಡ ಸಾಲಕ್ಕೆ 31, ಮನೆ ಬದಲಾಯಿಸಿದ್ದಕ್ಕೆ 20. ನಿಮ್ಮದನ್ನು ನೀವೇ ಕೂಡಿಸಿ ನೋಡಿ.

ಒತ್ತಡ ಎಲ್ಲ ಒಂದೇ ಥರ ಅಲ್ಲ. ನಾಯಂಡಹಳ್ಳಿ ಹತ್ತಿರ ಬೈಕಿಗೆ ಅಡ್ಡ ಬಸ್ಸು ನುಗ್ಗಿತು ಅಂದುಕೊಳ್ಳಿ. ಎದೆ ಡವಡವ, ಬಾಯಿ ಒಣಗುತ್ತದೆ, ಬ್ರೇಕ್ ಹಿಡಿದ ಕೈ ನಡುಗುತ್ತದೆ, ಅದು ಅಡ್ರಿನಲಿನ್ ಅನ್ನುವ ಹಾರ್ಮೋನಿನ ಕೆಲಸ, ಅದರಿಂದಲೇ ನೀವು ಬಚಾವ್. ಪಕ್ಕಕ್ಕೆ ನಿಲ್ಲಿಸಿ ಒಂದು ಟೀ ಕುಡಿಯುವಷ್ಟರಲ್ಲಿ ಇಳಿಯುತ್ತದೆ. ಎರಡನೆಯದು, ಕೆಲವರಿಗೆ ಇಂಥದ್ದು ದಿನಾ: ಇವತ್ತು ಡೆಡ್‌ಲೈನು, ನಾಳೆ ಸ್ಕೂಲ್ ಫೀಸು. ಅವರಿಗೆ ತಲೆನೋವು, ಸಿಡುಕು ಜಾಸ್ತಿ.

ನಿಮ್ಮದು ಮೂರನೆಯದು, ಮುಗಿಯುವ ದಿನವೇ ಕಾಣದ ಒತ್ತಡ. ಕಾರ್ಟಿಸಾಲ್ ಅನ್ನುವ ಹಾರ್ಮೋನು ರಾತ್ರಿ ಇಳಿದು, ಬೆಳಗಿನ ಹೊತ್ತಿಗೆ ತಾನಾಗಿ ಏರಬೇಕು. ಒತ್ತಡ ತಿಂಗಳುಗಟ್ಟಲೆ ಎಳೆದರೆ ಈ ಲೆಕ್ಕ ತಪ್ಪಬಹುದು. ನಿದ್ದೆ ಕೆಡುತ್ತದೆ, ಬಿಪಿ ಏರಬಹುದು, ಮರೆವು ಬರುತ್ತದೆ. ಆದರೆ ನಮ್ಮೂರಿನವರು ಮನಸ್ಸಿನ ಮಾತು ಎತ್ತುವುದೇ ಇಲ್ಲ, ‘ಗ್ಯಾಸ್ಟ್ರಿಕ್ ಸಾರ್’ ಅಂತಲೇ ಬರುತ್ತಾರೆ, ಎದೆ ಉರಿಗೆ ಮಾತ್ರೆ ನುಂಗಿ ನುಂಗಿ ವರ್ಷ ಕಳೆದಿರುತ್ತದೆ.

ಮೊದಲು ಬಿಪಿ ನೋಡಿಸಿ. ಸಾಲದ ಲೆಕ್ಕವನ್ನು ಹೆಂಡತಿಯ ಜೊತೆ ಕೂತು, ಹಗಲು ಹೊತ್ತಿನಲ್ಲಿ, ಕಾಗದದ ಮೇಲೆ ಬರೆಯಿರಿ. ಮೂರು ಗಂಟೆಗೆ ತಲೆಯಲ್ಲೇ ಮಾಡುವ ಲೆಕ್ಕ ಯಾವತ್ತೂ ತಾಳೆ ಆಗುವುದಿಲ್ಲ. ಮೆಡಿಕಲ್ ಶಾಪಿನಲ್ಲಿ ನಿದ್ದೆ ಮಾತ್ರೆ ಕೇಳಲು ಹೋಗಬೇಡಿ. ಯಾರ ಹತ್ತಿರವಾದರೂ ಮಾತಾಡಬೇಕು ಅನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ ಇದೆ, 14416, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಹೀಗೇ ಮುಂದುವರಿದರೆ ಹೊಸೂರು ರಸ್ತೆಯ ನಿಮ್ಹಾನ್ಸ್‌ಗೆ ಹೋಗಿ, ಅಲ್ಲಿಗೆ ಹೋದವರೆಲ್ಲ ‘ಹುಚ್ಚರು’ ಅನ್ನುವ ಕಾಲ ಹೋಯಿತು. ಹಾಂ, ಹಲ್ಲಿನ ಡಾಕ್ಟರಿಗೂ ಒಮ್ಮೆ ತೋರಿಸಿ, ಸವೆದಿದ್ದರೆ ರಾತ್ರಿ ಹಾಕಿಕೊಳ್ಳಲು ಗಾರ್ಡ್ ಕೊಡುತ್ತಾರೆ.