ಐಸ್ಖ್ಯೂನೊಮೈ: ರೂಪದೊಡನೆ ಬದಲಾಗುವ ಅರ್ಥ

ಮಾನ್ಯರೇ,

ಗ್ರೀಕ್ ಕವಿ ಹೋಮರನನ್ನು ಕುರಿತು ನಾವು ಪ್ರಕಟಿಸಿದ ಲೇಖನವನ್ನು ಓದಿ ನೀವು ಬರೆದ ಪತ್ರ ತಲುಪಿದೆ. ನಿವೃತ್ತ ಸಂಸ್ಕೃತ ಅಧ್ಯಾಪಕರಾದ ನೀವು ಈಗ ಪ್ರಾಚೀನ ಗ್ರೀಕ್ ಕಲಿಯುತ್ತಿರುವುದಾಗಿ ತಿಳಿಸಿ, ಮೂರು ಸಂದೇಹಗಳನ್ನು ಮುಂದಿಟ್ಟಿದ್ದೀರಿ. ‘ಐಸ್ಖ್ಯೂನೋ’ ಎಂಬ ಕ್ರಿಯಾಪದಕ್ಕೆ ನಿಘಂಟು ಮೊದಲು ‘ವಿರೂಪಗೊಳಿಸು’ ಎಂದೂ ಬಳಿಕ ‘ನಾಚು’ ಎಂದೂ ಅರ್ಥ ಕೊಡುವುದೇಕೆ? ಹೋಮರನ ಇಲಿಯಡ್ ಕಾವ್ಯದಲ್ಲಿ ಟ್ರಾಯಿನ ವೀರ ಹೆಕ್ಟರನ ಮಾತಿನಲ್ಲಿ ಬರುವ ‘ಐದೆಯೊಮೈ’ ಇದರದೇ ಇನ್ನೊಂದು ರೂಪವೇ? ನಿಘಂಟಿನಲ್ಲಿ ‘ಐದೆಯೊಮೈ’ ಕೆಳಗೆ ‘ರಾಜಿಯಾಗು’ ಎಂಬ ಅರ್ಥವೂ ಇರುವುದು ಅಚ್ಚಿನ ತಪ್ಪೇ? ಹೆಕ್ಟರನ ಆ ಮಾತನ್ನು ನಮ್ಮ ಲೇಖನ ‘ನಾಚುತ್ತೇನೆ’ ಎಂದಷ್ಟೇ ಕೊಟ್ಟದ್ದು ಸಾಲದೆಂದೂ ಆಕ್ಷೇಪಿಸಿದ್ದೀರಿ.

ಮೊದಲ ಪ್ರಶ್ನೆಗೆ ಉತ್ತರ ನಿಮ್ಮ ಕೈಯಲ್ಲೇ ಇದೆ. ಪರಸ್ಮೈಪದ (ಸ್ಥೂಲವಾಗಿ, ಕ್ರಿಯೆ ಬೇರೊಂದರತ್ತ ಸಾಗುವ ರೂಪ), ಆತ್ಮನೇಪದ (ಕ್ರಿಯೆ ಮಾಡುವವನನ್ನೇ ತಟ್ಟುವ ರೂಪ) ಇವುಗಳ ಭೇದ ಸಂಸ್ಕೃತದಂತೆ ಗ್ರೀಕಿನಲ್ಲೂ ಇದೆ. ಎರಡು ಭಾಷೆಗಳಿಗೂ ಅದು ಒಂದೇ ಮೂಲದಿಂದ ಬಂದದ್ದು. ಸಂಸ್ಕೃತದ ‘ಲಜ್ಜತೇ’ ಆತ್ಮನೇಪದವಾಗಿರುವಂತೆ, ಗ್ರೀಕಿನಲ್ಲಿಯೂ ನಾಚುವ ಅರ್ಥವಿರುವುದು ‘ಐಸ್ಖ್ಯೂನೊಮೈ’ ಎಂಬ ಆತ್ಮನೇಪದದ ರೂಪಕ್ಕೆ. ಪರಸ್ಮೈಪದದ ‘ಐಸ್ಖ್ಯೂನೋ’ ಹುಟ್ಟಿರುವುದು ಕುರೂಪ, ಅವಮಾನ ಎರಡನ್ನೂ ಹೇಳುವ ‘ಐಸ್ಖೋಸ್’ ಎಂಬ ನಾಮಪದದ ಬಳಗದಲ್ಲಿ, ಆದ್ದರಿಂದ ಅದರ ಅರ್ಥ ಅಂದಗೆಡಿಸು, ಮರ್ಯಾದೆ ಕಳೆ ಎಂದಾಗುತ್ತದೆ. ಇಲಿಯಡ್ಡಿನ 18ನೆಯ ಸರ್ಗವನ್ನು ತೆರೆದು ನೋಡಿ. ಗೆಳೆಯ ಪೆಟ್ರೊಕ್ಲಸ್ ಸತ್ತನೆಂಬ ಸುದ್ದಿ ಕೇಳಿದ ಗ್ರೀಕ್ ವೀರ ಅಕಿಲೀಸನು ಎರಡೂ ಕೈಗಳಿಂದ ಕರಿಬೂದಿಯನ್ನು ಬಾಚಿ ತಲೆಯ ಮೇಲೆ ಸುರಿದುಕೊಂಡು ತನ್ನ ಚೆಲುವಾದ ಮೊಗವನ್ನು ಕೆಡಿಸಿಕೊಳ್ಳುತ್ತಾನೆ. ಮೂರು ಸಾಲು ದಾಟಿದರೆ ಕೂದಲನ್ನು ಕಿತ್ತು ಕೆಡಿಸಿಕೊಳ್ಳುತ್ತಾನೆ. ಎರಡು ಕಡೆಯೂ ಇದೇ ಕ್ರಿಯಾಪದ, ಪರಸ್ಮೈಪದದಲ್ಲಿ. ಅದೇ ಸರ್ಗದಲ್ಲಿ ದೇವದೂತಿ ಐರಿಸ್, ಗೆಳೆಯನ ಶವ ವಿರೂಪವಾಗಿ ಬಂದರೆ ಕಳಂಕ ನಿನಗೇ ಎಂದು ಅಕಿಲೀಸನನ್ನು ಎಬ್ಬಿಸುವಾಗ ಬಳಸುವುದೂ ಇದರ ಕೃದಂತವನ್ನೇ (ಕ್ರಿಯಾಪದದಿಂದಾದ, ‘ಕೆಟ್ಟ’ ಎಂಬಂಥ ವಿಶೇಷಣ ರೂಪವನ್ನೇ). ‘ಮುಖಕ್ಕೆ ಮಸಿ ಬಳಿದ’ ಎಂದು ಮಾನ ಕಳೆದವನ ಬಗ್ಗೆ ಹೇಳುವ ನಮಗೆ, ಕೆಟ್ಟ ಮೊಗದಿಂದ ಕೆಟ್ಟ ಮಾನಕ್ಕೆ ಅರ್ಥ ದಾಟಿದ ದಾರಿ ಹೊಸದೇನಲ್ಲ. ಅಥೆನ್ಸಿನ ತರುಣರು ಸೈನ್ಯಶಿಕ್ಷಣಕ್ಕೆ ಸೇರುವಾಗ ‘ಈ ಪವಿತ್ರ ಆಯುಧಗಳಿಗೆ ಕಳಂಕ ತರಲಾರೆ’ ಎಂದು ಆಣೆಯಿಡುತ್ತಿದ್ದುದು ಈ ಎರಡನೆಯ ಅರ್ಥದಲ್ಲಿ.

ಆ ಆಣೆಯ ಕ್ರಿಯಾಪದ ‘ಐಸ್ಖ್ಯುನೋ’, ಭವಿಷ್ಯತ್ಕಾಲ. ವರ್ತಮಾನದ ‘ಐಸ್ಖ್ಯೂನೋ’ಗೂ ಇದಕ್ಕೂ ವ್ಯತ್ಯಾಸ ನಡುವಣ ಸ್ವರದ ದೀರ್ಘ, ಹ್ರಸ್ವ ಮತ್ತು ಸ್ವರಭಾರದ ಸ್ಥಾನ ಮಾತ್ರ. ಆತ್ಮನೇಪದದ ಭವಿಷ್ಯತ್ತು ‘ಐಸ್ಖ್ಯುನೂಮೈ’. ಭೂತಕಾಲದಲ್ಲಿ ಮಾತ್ರ ಅದು ಕರ್ಮಣಿ ರೂಪವನ್ನು ತಳೆದು ‘ಏಯ್ಸ್ಖ್ಯುನ್ಥೇನ್’ ಆಗುತ್ತದೆ. ‘ನಾಚಿದೆ’ ಎಂಬುದೇ ಅದರ ಅರ್ಥ, ಕರ್ಮಣಿಯೆಂದು ಭಾವಿಸಿ ಅನುವಾದಿಸಬೇಡಿ.

ನೀವು ಕೇಳದಿದ್ದರೂ ಹೇಳಲೇಬೇಕಾದ ಸಂಗತಿಯೊಂದಿದೆ, ನನ್ನ ದೃಷ್ಟಿಯಲ್ಲಿ ಈ ಕ್ರಿಯಾಪದದ ಜೀವ ಇರುವುದು ಅಲ್ಲಿಯೇ. ‘ಐಸ್ಖ್ಯೂನೊಮೈ’ ಜೊತೆಗೆ ತುಮುನ್ನಂತದಂಥ ರೂಪ (‘ಹೇಳಲು’ ಎಂಬಂಥದ್ದು) ಬಂದರೆ, ನಾಚಿಕೆ ಕೆಲಸವನ್ನು ತಡೆಯುತ್ತದೆ. ವರ್ತಮಾನ ಕೃದಂತ (‘ಹೇಳುತ್ತಾ’ ಎಂಬಂಥದ್ದು) ಬಂದರೆ, ಕೆಲಸ ನಡೆಯುತ್ತಲೇ ಇದೆ, ನಾಚಿಕೆ ಅದರ ಜೊತೆಗಿದೆ. ಕನ್ನಡದ ‘ಹೇಳಲು ನಾಚಿಕೆಯಾಗುತ್ತದೆ’ ಎಂಬ ಒಂದೇ ವಾಕ್ಯವನ್ನು ನಾವು ಬಾಯಿಮುಚ್ಚಿಕೊಳ್ಳುವಾಗಲೂ ಹೇಳುತ್ತೇವೆ, ಹೇಳಿಬಿಡುವ ಮುನ್ನವೂ ಹೇಳುತ್ತೇವೆ. ಗ್ರೀಕನು ಇವನ್ನು ಬೆರೆಸುವುದಿಲ್ಲ. ಅಥೆನ್ಸಿನ ಲೇಖಕ ಕ್ಸೆನೊಫೋನನ ಕೃತಿಯಲ್ಲಿ ಪರ್ಷಿಯಾದ ಸೈರಸ್ ತನ್ನ ಮಿತ್ರಪಡೆಯವರಿಗೆ, ನಿಮ್ಮ ಋಣ ತೀರಿಸುವ ಶಕ್ತಿ ನನಗಿನ್ನೂ ಬಂದಿಲ್ಲವೆಂದು ಹೇಳುತ್ತಿರುವುದಕ್ಕೆ ನಾಚುವುದಿಲ್ಲ ಎನ್ನುವಾಗ ಕೃದಂತವನ್ನು ಬಳಸುತ್ತಾನೆ; ನನ್ನೊಡನೆ ಉಳಿದರೆ ತೀರಿಸುತ್ತೇನೆ ಎಂದು ಹೇಳಲು ನನಗೆ ನಾಚಿಕೆಯಾದೀತು ಎನ್ನುವಾಗ ತುಮುನ್ನಂತಕ್ಕೆ ಹೊರಳುತ್ತಾನೆ. ನ್ಯಾಯಾಲಯದಲ್ಲಿ ಸಾಕ್ರೆಟಿಸನು, ಹಣ, ಕೀರ್ತಿ, ಮನ್ನಣೆಗಳ ಚಿಂತೆಯಲ್ಲಿದ್ದು ವಿವೇಕ, ಸತ್ಯ, ಆತ್ಮಗಳನ್ನು ಮರೆತಿರುವುದಕ್ಕೆ ನಿನಗೆ ನಾಚಿಕೆಯಿಲ್ಲವೇ ಎಂದು ಪ್ರತಿಯೊಬ್ಬ ಅಥೆನ್ಸಿಗನನ್ನೂ ಕೇಳುವೆನೆಂದು ಹೇಳುವಾಗ ಅಲ್ಲಿರುವುದು ಕೃದಂತ, ಏಕೆಂದರೆ ಆ ಚಿಂತೆ ನಿಂತಿಲ್ಲ. ಲೂಕನ ಸುವಾರ್ತೆಯ 16ನೆಯ ಅಧ್ಯಾಯದಲ್ಲಿ ಕೆಲಸ ಕಳೆದುಕೊಳ್ಳಲಿರುವ ಪಾರುಪತ್ಯಗಾರ, ಅಗೆಯಲು ತ್ರಾಣವಿಲ್ಲ, ಬೇಡಲು ನಾಚಿಕೆ ಎಂದುಕೊಳ್ಳುತ್ತಾನೆ. ಅಲ್ಲಿ ತುಮುನ್ನಂತವಿದೆ, ಅವನು ಬೇಡುವುದೂ ಇಲ್ಲ.

ಇನ್ನು ‘ಐದೆಯೊಮೈ’. ಇದು ಬೇರೆಯೇ ಕ್ರಿಯಾಪದ, ‘ಐದೋಸ್’ (ಅಳುಕು, ಗೌರವ) ಎಂಬ ನಾಮಪದದ ಬಂಧು. ಅಥೆನ್ಸಿನ ಗದ್ಯದಲ್ಲಿ ಸಂಧಿಯಾಗಿ ‘ಐದೂಮೈ’ ಎಂದಿರುತ್ತದೆ. ಇಲಿಯಡ್ಡಿನ 6ನೆಯ ಸರ್ಗದಲ್ಲಿ, ಯುದ್ಧಕ್ಕೆ ಹೋಗಬೇಡವೆಂದು ಬೇಡುವ ಹೆಂಡತಿಗೆ ಹೆಕ್ಟರ್ ಹೇಳುವ ಮಾತಿನಲ್ಲಿ ಟ್ರಾಯಿನ ಗಂಡಸರೂ ಹೆಂಗಸರೂ ದ್ವಿತೀಯಾ ವಿಭಕ್ತಿಯಲ್ಲಿ, ಅಂದರೆ ಈ ಕ್ರಿಯಾಪದದ ಕರ್ಮವಾಗಿ, ಇದ್ದಾರೆ. ಇದು ಮಾಡಿದ ತಪ್ಪಿಗಾಗಿ ಪಡುವ ನಾಚಿಕೆಯಲ್ಲ, ನಾಲ್ಕು ಜನ ಏನಂದಾರು ಎಂಬ ಅಳುಕು. ಆದರೆ 24ನೆಯ ಸರ್ಗದಲ್ಲಿ ಮಗ ಹೆಕ್ಟರನ ಶವವನ್ನು ಬೇಡಲು ಬಂದ ಮುದುಕ ಪ್ರಿಯಾಮ್ ಅಕಿಲೀಸನಿಗೆ ‘ದೇವರುಗಳಿಗೆ ಅಂಜು, ನನ್ನ ಮೇಲೆ ಕರುಣೆ ತೋರು’ ಎಂದು ಅಂಗಲಾಚುವಾಗ ಇದೇ ಕ್ರಿಯಾಪದಕ್ಕೆ ಗೌರವ, ಭಯ, ದಾಕ್ಷಿಣ್ಯ ಎಲ್ಲವೂ ಸೇರುತ್ತವೆ. ಮುಂದೆ ಎರಡೂ ಕ್ರಿಯಾಪದಗಳು ಹಲವೆಡೆ ಒಂದರ ಜಾಗದಲ್ಲಿ ಇನ್ನೊಂದು ಬರುವಷ್ಟು ಹತ್ತಿರವಾದವು. ಆದರೂ ಎದುರಿಗಿರುವವರಿಗೆ ಸಲ್ಲಬೇಕಾದ ಮರ್ಯಾದೆಗೆ ತಲೆಬಾಗುವುದು ‘ಐದೆಯೊಮೈ’ಯ ಸ್ವಂತ ಸೊತ್ತು. ಲೇಖನದಲ್ಲಿ ‘ನಾಚುತ್ತೇನೆ’ ಎಂದಷ್ಟೇ ಇದ್ದದ್ದು ಸಾಲದು ಎಂಬ ನಿಮ್ಮ ಆಕ್ಷೇಪ ನ್ಯಾಯವಾದದ್ದು.

‘ರಾಜಿಯಾಗು’ ಎಂಬುದು ಅಚ್ಚಿನ ತಪ್ಪಲ್ಲ. ಹಿಂದಿನ ಶಾಸನಕಾರ ಡ್ರೇಕೋ ಮಾಡಿದ ನರಹತ್ಯೆಯ ಕಾನೂನನ್ನು ಅಥೆನ್ಸಿನವರು ಕ್ರಿ.ಪೂ. 409-408ರಲ್ಲಿ ಮತ್ತೆ ಕಲ್ಲಿನಲ್ಲಿ ಕೆತ್ತಿಸಿದರು. ಉದ್ದೇಶವಿಲ್ಲದೆ ಕೊಂದು ದೇಶಭ್ರಷ್ಟನಾದವನನ್ನು ಸತ್ತವನ ಕಡೆಯವರು ಮನ್ನಿಸಬಹುದು ಎಂಬುದಕ್ಕೆ ಅಲ್ಲಿರುವ ಕ್ರಿಯಾಪದ ಇದೇ, ಭೂತಕಾಲದ ಆತ್ಮನೇಪದದ ‘ಐದೆಸಸ್ಥೈ’. ತಂದೆ, ಸೋದರ, ಮಕ್ಕಳು ಇದ್ದರೆ ಅವರೆಲ್ಲರೂ ಒಪ್ಪಬೇಕು, ಒಬ್ಬನು ಬೇಡವೆಂದರೂ ಅವನ ಮಾತೇ ನಡೆಯಬೇಕು ಎಂದು ಕಾನೂನು ಹೇಳುತ್ತದೆ. ಬೇಡಿಕೊಳ್ಳುವವನ ಮೊರೆಗೆ ಪ್ರಿಯಾಮ್ ಅಕಿಲೀಸನಿಂದ ಬಯಸಿದ ಮನ್ನಣೆಯೇ ಇಲ್ಲಿ ಮನೆಯವರ ಕಾನೂನುಬದ್ಧ ಅಧಿಕಾರವಾಗಿದೆ.