ಎರಡು ಕುದುರೆಗೆ ಒಂದು ವ್ಯಾನ್: ಕೊಳ್ಳುವ ಮುನ್ನ ತೂಕದ ಚೀಟಿ ಕೇಳಿ

ಪ್ರಶ್ನೆ: ಸುಂಟಿಕೊಪ್ಪದ ಬಳಿ ನಮ್ಮ ಕಾಫಿ ತೋಟವಿದೆ. ರೇಸಿನಿಂದ ನಿವೃತ್ತವಾದ ಒಂದು ಥರೋಬ್ರೆಡ್ ಗಂಡು ಕುದುರೆಯನ್ನೂ ಒಂದು ಮಾರ್ವಾಡಿ ಹೆಣ್ಣು ಕುದುರೆಯನ್ನೂ ಸಾಕಿದ್ದೇವೆ. ಚಿಕಿತ್ಸೆಗೂ ಸವಾರಿ ಸ್ಪರ್ಧೆಗಳಿಗೂ ಇವನ್ನು ಮೈಸೂರು, ಬೆಂಗಳೂರಿಗೆ ಕರೆದೊಯ್ಯಬೇಕಾಗುತ್ತದೆ. ಪ್ರತಿ ಸಲ ಬಾಡಿಗೆ ಲಾರಿಗೆ ಕಾದು ಸಾಕಾಗಿದೆ. ಸರಕು ಸಾಗಿಸುವ ಮುಚ್ಚಿದ ವ್ಯಾನನ್ನು ಎರಡು ಕುದುರೆಗಳು ನಿಲ್ಲುವಂತೆ ಮಾರ್ಪಡಿಸಿದ ಹಳೆಯ ವಾಹನವೊಂದು ಕೊಯಮತ್ತೂರಿನಲ್ಲಿ ಮಾರಾಟಕ್ಕಿದೆ. ವಾಹನದ ಒಟ್ಟು ತೂಕ 3,500 ಕೆ.ಜಿ. ಎಂದು ಆರ್‌ಸಿಯಲ್ಲಿದೆ. ನೋಡಲು ಬಹಳ ಅಚ್ಚುಕಟ್ಟಾಗಿದೆ. ಕೊಳ್ಳಬಹುದೇ? ಏನೇನು ಪರೀಕ್ಷಿಸಬೇಕು?

ಉತ್ತರ: ಎರಡೂ ಕುದುರೆಗಳನ್ನು ಒಟ್ಟಿಗೆ ಒಯ್ಯುವ ಉದ್ದೇಶವಿದ್ದರೆ ಈ ವ್ಯಾನ್ ಬೇಡವೆಂಬುದೇ ನನ್ನ ಸಲಹೆ. ಒಂದೊಂದನ್ನೇ ಒಯ್ಯುವುದಾದರೆ, ಮುಂದೆ ಹೇಳುವ ಪರೀಕ್ಷೆಗಳಲ್ಲಿ ಅದು ಪಾಸಾದರೆ, ಧಾರಾಳವಾಗಿ ಕೊಳ್ಳಬಹುದು. ಇದಕ್ಕೆ ಕಾರಣ ಎಂಜಿನ್ನಿನಲ್ಲಿಲ್ಲ, ತೂಕದಲ್ಲಿದೆ.

ಆರ್‌ಸಿಯಲ್ಲಿ ಕಾಣುವ 3,500 ಕೆ.ಜಿ. ಎಂಬುದು ವಾಹನ, ಡೀಸೆಲ್, ಚಾಲಕ, ಕುದುರೆ, ಹುಲ್ಲು, ನೀರು ಎಲ್ಲವೂ ಸೇರಿ ಮೀರಬಾರದ ಮಿತಿ. ಈ ಗಾತ್ರದ ಮುಚ್ಚಿದ ವ್ಯಾನ್ ಖಾಲಿಯಿರುವಾಗಲೇ ಎರಡು ಸಾವಿರ ಕೆ.ಜಿ. ಆಸುಪಾಸಿನಲ್ಲಿ ತೂಗುತ್ತದೆ. ಅದಕ್ಕೆ ದಪ್ಪ ಪ್ಲೈವುಡ್ ನೆಲ, ರಬ್ಬರ್ ಮ್ಯಾಟ್, ಕಬ್ಬಿಣದ ಅಡ್ಡಗೋಡೆ, ಒಳಮೈಗೆ ಮೆತ್ತೆ, ಕುದುರೆ ಹತ್ತುವ ರ‍್ಯಾಂಪ್ ಇವೆಲ್ಲ ಸೇರಿದರೆ ಇನ್ನೂ ನಾನೂರು ಐನೂರು ಕೆ.ಜಿ. ಏರುವುದು ಕಷ್ಟವೇನಲ್ಲ. ಚಾಲಕ ಮತ್ತು ಕುದುರೆ ನೋಡಿಕೊಳ್ಳುವವನು ಸೇರಿ ನೂರನಲವತ್ತು, ಜೀನು, ಹುಲ್ಲು, ನೀರಿನ ಕ್ಯಾನುಗಳಿಗೆ ನೂರು ಎಂದು ಹಿಡಿದರೆ ಕುದುರೆಗಳ ಪಾಲಿಗೆ ಉಳಿಯುವುದು ಏಳುನೂರೈವತ್ತರಿಂದ ಎಂಟುನೂರೈವತ್ತು ಕೆ.ಜಿ. ಮಾತ್ರ. ಬೆಳೆದ ಥರೋಬ್ರೆಡ್ 450ರಿಂದ 550 ಕೆ.ಜಿ., ಮಾರ್ವಾಡಿ 350ರಿಂದ 450 ಕೆ.ಜಿ. ತೂಗುತ್ತವೆ. ಇಬ್ಬರೂ ಸಣಕಲಾಗಿದ್ದರೂ ಮಿತಿಯ ಅಂಚಿಗೆ ಬಂದು ನಿಲ್ಲುತ್ತೀರಿ, ಮೈತುಂಬಿಕೊಂಡಿದ್ದರೆ ದಾಟಿಯೇ ಹೋಗುತ್ತೀರಿ.

ಜಾಗದ ಲೆಕ್ಕವೂ ಕೂಡುವುದಿಲ್ಲ. ಪ್ರಾಣಿ ಸಾಗಿಸುವ ವಾಹನಗಳಲ್ಲಿ ಕಾಯಂ ಅಡ್ಡಗೋಡೆಗಳಿರಬೇಕು, ಪ್ರತಿ ಕುದುರೆಯ ವಿಭಾಗವೂ ಕನಿಷ್ಠ 2.25 ಚದರ ಮೀಟರ್ ಇರಬೇಕು ಎಂಬ ನಿಯಮ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 2016ರ ಜನವರಿ 1ರಿಂದ ಜಾರಿಯಲ್ಲಿದೆ. ನಿಮ್ಮ ವ್ಯಾನಿನ ಒಳ ಅಗಲ 1.75 ಮೀಟರ್, ಉದ್ದ 3 ಮೀಟರ್ ಎಂದಿಟ್ಟುಕೊಳ್ಳಿ. ಜೀನು ಇಡುವ ಕಪಾಟಿಗೂ ಸಹಾಯಕನ ಆಸನಕ್ಕೂ ಮುಂದುಗಡೆ 70 ಸೆಂ.ಮೀ. ಕೊಟ್ಟುಬಿಟ್ಟರೆ ಉಳಿಯುವುದು ಸುಮಾರು 4 ಚದರ ಮೀಟರ್. ಎರಡು ಕುದುರೆಗೆ ಬೇಕಾದದ್ದು ನಾಲ್ಕೂವರೆ. ಟೇಪು ಹಿಡಿದು ಅಳೆಯುವಾಗ ಗೋಡೆಯಿಂದ ಗೋಡೆಗೆ ಅಳೆಯದೆ, ಮೆತ್ತೆಯಿಂದ ಮೆತ್ತೆಗೆ ಅಳೆಯಿರಿ.

ಹಾಗಾದರೆ ಇಂಥ ವ್ಯಾನ್‌ಗಳು ಇಷ್ಟು ಪ್ರಚಾರ ಪಡೆದದ್ದು ಹೇಗೆ? ಅಂತರ್ಜಾಲದಲ್ಲಿ ನಾವು ನೋಡುವ ಚಿತ್ರಗಳಲ್ಲಿ ಅನೇಕವು ಬ್ರಿಟನ್ನಿನವು. ಅಲ್ಲಿ 1997ರ ಜನವರಿ 1ರ ನಂತರ ಕಾರಿನ ಚಾಲನಾ ಪರೀಕ್ಷೆ ಪಾಸಾದವರಿಗೆ ಸಾಮಾನ್ಯ ಪರವಾನಗಿಯಲ್ಲಿ 3,500 ಕೆ.ಜಿ.ವರೆಗಿನ ವಾಹನವನ್ನಷ್ಟೇ ಓಡಿಸಲು ಅವಕಾಶವಿದ್ದುದರಿಂದ, ಎರಡು ಕುದುರೆಗಳನ್ನು ಹೇಗಾದರೂ ಆ ಮಿತಿಯೊಳಗೆ ತೂರಿಸುವ ಸರ್ಕಸ್ಸಿಗೆ ಬೇಡಿಕೆ ಹುಟ್ಟಿತು. ಅಲ್ಲಿಯೂ ಮಿತಿ ಮೀರಿದ ಭಾರವೇ ಈ ವ್ಯಾನ್‌ಗಳ ಮೇಲಿನ ಹಳೆಯ ದೂರು. ನಮಗೆ ಆ ಕಟ್ಟುಪಾಡೇ ಇಲ್ಲ. ನಮ್ಮಲ್ಲಿ ಎಲ್‌ಎಂವಿ (ಲಘು ಮೋಟಾರು ವಾಹನ) ಎಂದರೆ 7,500 ಕೆ.ಜಿ.ವರೆಗಿನ ವಾಹನ, ಮತ್ತು ಆ ಪರವಾನಗಿಯಿದ್ದವರು ಅಷ್ಟೇ ತೂಕದೊಳಗಿನ ಸಾರಿಗೆ ವಾಹನವನ್ನೂ ಓಡಿಸಬಹುದೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರಿನಲ್ಲಿ ಹೇಳಿದೆ. ಇಷ್ಟಿರುವಾಗ ಬ್ರಿಟನ್ನಿನ ಪರವಾನಗಿಯ ತೊಡಕನ್ನು ಸುಂಟಿಕೊಪ್ಪದ ತೋಟಕ್ಕೆ ತಂದುಕೊಳ್ಳುವ ಅಗತ್ಯ ನನಗೆ ಕಾಣುವುದಿಲ್ಲ. ಎರಡು ಕುದುರೆಗೆ ಐದರಿಂದ ಏಳು ಟನ್ನಿನೊಳಗಿನ, ಟಾಟಾ 407ರ ವರ್ಗದ ಸಣ್ಣ ಲಾರಿಯ ಚಾಸಿ ತೆಗೆದುಕೊಂಡು ಅದರ ಮೇಲೆ ಬಾಡಿ ಕಟ್ಟಿಸುವುದೇ ಸರಿಯಾದ ದಾರಿ.

ಲಾರಿಗೂ ಅದರದೇ ತಾಪತ್ರಯಗಳಿವೆ. ವ್ಯಾನಿನ ನೆಲ ತಗ್ಗು, ಲಾರಿಯದು ಎತ್ತರ. ರ‍್ಯಾಂಪಿನ ಉದ್ದ ನೆಲದ ಎತ್ತರದ ಮೂರು ಪಟ್ಟು ಇದ್ದರೆ ಏರು ಇಪ್ಪತ್ತು ಡಿಗ್ರಿಯೊಳಗೆ ಉಳಿಯುತ್ತದೆ, ಕುದುರೆ ಹಿಂಜರಿಯದೆ ಹತ್ತುತ್ತದೆ. ನೆಲ 65 ಸೆಂ.ಮೀ. ಎತ್ತರವಿದ್ದರೆ ಎರಡು ಮೀಟರಿನ ರ‍್ಯಾಂಪ್ ಸಾಕು, 90 ಸೆಂ.ಮೀ. ಇದ್ದರೆ 2.7 ಮೀಟರ್ ಬೇಕು, ಅದನ್ನು ಎತ್ತಿ ಮುಚ್ಚಲು ಸ್ಪ್ರಿಂಗಿನ ಸಹಾಯವಿಲ್ಲದೆ ಇಬ್ಬರಿಂದಲೂ ಆಗದು. ಗೊಬ್ಬರ, ಕಾಫಿ ಮೂಟೆ ಇಳಿಸಲು ಮಾಡಿಕೊಂಡ ಮಣ್ಣಿನ ದಿಬ್ಬ ನಿಮ್ಮ ತೋಟದಲ್ಲಿದ್ದರೆ ಮನೆಯಲ್ಲಿ ಅದು ಒದಗುತ್ತದೆ, ಆಸ್ಪತ್ರೆಯ ಅಂಗಳದಲ್ಲಿ ಒದಗುವುದಿಲ್ಲ. ಇನ್ನೊಂದು ಸಂಗತಿ: ಬಾಡಿ ಕಟ್ಟಿಸುವ ಮೊದಲು ಗೇಟಿನಿಂದ ಲಾಯದವರೆಗೆ ಉದ್ದನೆಯ ಕೋಲು ಹಿಡಿದು ನಡೆಯಿರಿ. ಸಿಲ್ವರ್ ಓಕಿನ ಕೊಂಬೆಯನ್ನು ಕಡಿಯಬಹುದು, ದಾರಿಗೆ ಅಡ್ಡವಾಗಿ ಜೋತುಬಿದ್ದ ವಿದ್ಯುತ್ ತಂತಿಯನ್ನು ಕಡಿಯುವಂತಿಲ್ಲ.

ಇಷ್ಟು ಕೇಳಿಯೂ ಒಂದು ಕುದುರೆಗೆಂದು ಈ ವ್ಯಾನನ್ನೇ ಕೊಳ್ಳುವ ಮನಸ್ಸಿದ್ದರೆ, ಕೊಯಮತ್ತೂರಿಗೆ ಹೋಗುವ ಮೊದಲೇ ಮಾರುವವರಿಗೆ ಒಂದು ಮಾತು ಹೇಳಿ. ಖಾಲಿ ವ್ಯಾನನ್ನು ವೇಬ್ರಿಡ್ಜಿನ ಮೇಲೆ ನಿಲ್ಲಿಸಿ, ಮೊದಲು ಪೂರ್ತಿಯಾಗಿ, ಬಳಿಕ ಮುಂದಿನ ಚಕ್ರಗಳನ್ನೂ ಹಿಂದಿನ ಚಕ್ರಗಳನ್ನೂ ಬೇರೆಬೇರೆಯಾಗಿ ತೂಗಿಸಿ ಚೀಟಿ ಕಳುಹಿಸಲಿ. ಕುದುರೆಯ ಭಾರವೆಲ್ಲ ಹಿಂದಿನ ಆಕ್ಸಲ್ ಮೇಲೆ ಬಿದ್ದು ಮುಂಭಾಗ ಹಗುರವಾದರೆ ಏರು ತಿರುವುಗಳಲ್ಲಿ ಸ್ಟೀರಿಂಗ್ ಹಿಡಿತ ಸಡಿಲವಾಗುತ್ತದೆ. ಚೀಟಿಯ ತೂಕವನ್ನು ಆರ್‌ಸಿಯಲ್ಲಿರುವ ಖಾಲಿ ತೂಕದೊಂದಿಗೆ ಹೋಲಿಸಿ ನೋಡಿ. ಚೀಟಿಯಲ್ಲಿ ನಾನೂರೈನೂರು ಕೆ.ಜಿ. ಹೆಚ್ಚು ಬಂದು, ಆರ್‌ಸಿಯಲ್ಲಿ ಕಾರ್ಖಾನೆಯಿಂದ ಬಂದಾಗಿನ ತೂಕವೇ ಉಳಿದಿದ್ದರೆ, ಮಾರ್ಪಾಡು ಆರ್‌ಟಿಒ ದಾಖಲೆಗೆ ಏರಿಯೇ ಇಲ್ಲವೆಂದು ಅನುಮಾನಿಸಬೇಕು.

ವಾಹನದ ಮುಂದೆ ನಿಂತಾಗ ಮೊದಲು ನೋಡಬೇಕಾದದ್ದು ನೆಲ. ರಬ್ಬರ್ ಮ್ಯಾಟನ್ನು ಅಂಟಿಸಿಬಿಟ್ಟಿದ್ದೇವೆ, ಎತ್ತಲಾಗದು ಎಂದರೆ ವ್ಯವಹಾರ ಅಲ್ಲಿಗೇ ನಿಲ್ಲಲಿ. ಮ್ಯಾಟ್ ಎತ್ತಿ, ಕುದುರೆಯ ಮೂತ್ರ ಹರಿದು ನಿಲ್ಲುವ ಮೂಲೆಗಳಲ್ಲಿ, ಚಕ್ರದ ಉಬ್ಬಿನ ಪಕ್ಕದಲ್ಲಿ, ಪ್ಲೈವುಡ್ಡಿನ ಅಂಚಿಗೆ ಸ್ಕ್ರೂಡ್ರೈವರ್ ಊರಿ ಒತ್ತಿ. ಗಟ್ಟಿ ಹಲಗೆ ಎದುರೊತ್ತುತ್ತದೆ. ಕೊಳೆತದ್ದರಲ್ಲಿ ಮೊನೆ ಒಳಗಿಳಿದು, ಹೊರತೆಗೆದಾಗ ತುದಿಗೆ ಕಪ್ಪು ಹಿಟ್ಟು ಮೆತ್ತಿಕೊಂಡಿರುತ್ತದೆ. ಅಲ್ಯೂಮಿನಿಯಂ ನೆಲವಾದರೆ ಬಿಳಿ ಪುಡಿ ಎದ್ದಿದೆಯೇ ನೋಡಿ. ಆಮೇಲೆ ಕೆಳಗೆ ತೂರಿ ಅಡ್ಡಪಟ್ಟಿಗಳನ್ನು ಸಣ್ಣ ಸುತ್ತಿಗೆಯಿಂದ ತಟ್ಟುತ್ತ ಹೋಗಿ. ಹೊಸದಾಗಿ ಕಪ್ಪು ಬಣ್ಣ ಬಳಿದಿರುವ ಕಡೆಯೇ ಎರಡು ಸಲ ತಟ್ಟಿ. ನಮ್ಮ ಮಳೆಗಾಲದ ಥಂಡಿಯಲ್ಲಿ, ಒದ್ದೆ ಮ್ಯಾಟನ್ನು ಹಾಸಿದಂತೆಯೇ ಬಿಟ್ಟ ವ್ಯಾನಿನ ನೆಲ ಮೇಲಿನಿಂದ ಸ್ವಲ್ಪವೂ ಸುಳಿವು ಕೊಡದೆ ಕೊಳೆಯುತ್ತದೆ. ಐನೂರು ಕೆ.ಜಿ. ತೂಗುವ ಪ್ರಾಣಿಯ ಕಾಲು ಓಡುವ ವಾಹನದ ನೆಲ ಒಡೆದು ಕೆಳಗಿಳಿದರೆ ಏನಾಗುತ್ತದೆ ಎಂಬುದನ್ನು ಕುದುರೆ ಸಾಕಿದವರಿಗೆ ವಿವರಿಸಬೇಕಾಗಿಲ್ಲ.

ಕುದುರೆ ವ್ಯಾನ್‌ಗಳು ಓಡುವುದಕ್ಕಿಂತ ನಿಲ್ಲುವುದೇ ಹೆಚ್ಚಾದ್ದರಿಂದ ಮೀಟರಿನಲ್ಲಿ ಕಿಲೋಮೀಟರ್ ಕಡಿಮೆಯಿದೆ ಎಂಬ ಮಾತಿಗೆ ಮರುಳಾಗಬೇಡಿ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳಿರುತ್ತವೆ: 2319 ಎಂದಿದ್ದರೆ ಅದು 2019ರ 23ನೇ ವಾರದಲ್ಲಿ ತಯಾರಾದದ್ದು. ನೆಲಕ್ಕೆ ತಾಗುವ ಮೈ ಸವೆಯದೆ ಹೊಸದರಂತೆ ಕಂಡರೂ ಪಕ್ಕದಲ್ಲಿ ಬಿರುಕು ಬಿಟ್ಟ ಟೈರ್ ಬೇಡ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ತೇವ ಸೇರಿದ ಆಯಿಲ್ ಬಿಸಿಯೇರಿದಾಗ ಬೇಗ ಕುದಿದು ಪೆಡಲ್ ಪೊಳ್ಳಾಗುತ್ತದೆ. ಆದ್ದರಿಂದ ಕೊಂಡ ವಾರದಲ್ಲೇ ಅದನ್ನು ಪೂರ್ತಿ ಬದಲಿಸಿ. ಮೈಸೂರಿನ ದಾರಿಯಲ್ಲಿ ಆನೆಕಾಡಿನ ತಿರುವುಗಳನ್ನು ಬಿಟ್ಟರೆ ನಿಮಗೆ ಇದರ ಬಿಸಿ ಅಷ್ಟಾಗಿ ತಟ್ಟದು. ಆದರೆ ಎಂದಾದರೂ ಸಂಪಾಜೆ ಘಾಟಿ ಇಳಿಯಬೇಕಾದಾಗ ಭಾರ ತುಂಬಿದ ವ್ಯಾನನ್ನು ಬರೀ ಬ್ರೇಕಿನ ಮೇಲೆ ಇಳಿಸುವವರು ಅರ್ಧ ದಾರಿಗೇ ಸುಟ್ಟ ವಾಸನೆ ಕುಡಿಯುತ್ತಾರೆ. ಏರುವ ಗೇರಿನಲ್ಲೇ ಇಳಿಯಬೇಕೆಂಬ ನಮ್ಮ ಲಾರಿ ಚಾಲಕರ ಪಾಠ ಇಲ್ಲಿ ಇಮ್ಮಡಿ ಅನ್ವಯಿಸುತ್ತದೆ, ಏಕೆಂದರೆ ಕುದುರೆ ನಿಂತೇ ಪಯಣಿಸುವ ಸರಕು, ಪ್ರತಿ ಬ್ರೇಕಿಗೂ ಅದು ಕಾಲು ಕೊಟ್ಟು ತಡೆಯಬೇಕಾಗುತ್ತದೆ.

ಒಳಗಿನ ವ್ಯವಸ್ಥೆಯಲ್ಲಿ ಕಿವಿಗೂ ಮೂಗಿಗೂ ಕೆಲಸವಿದೆ. ಖಾಲಿ ವ್ಯಾನಿನ ಹಿಂಭಾಗದಲ್ಲಿ ನೀವೇ ನಿಂತು, ಬಾಗಿಲು ಮುಚ್ಚಿಸಿ, ಖಾಸಗಿ ಅಂಗಳದಲ್ಲಿ ನಿಧಾನವಾಗಿ ಒಂದು ಸುತ್ತು ಹೊಡೆಸಿ. ಅಡ್ಡಗೋಡೆಯ ಪಿನ್ನುಗಳ ಗಡಗಡ ಸದ್ದು, ಹಿಂದಿನ ಸಂದಿಯಿಂದ ನುಗ್ಗುವ ಡೀಸೆಲ್ ಹೊಗೆ, ತಿರುವಿನಲ್ಲಿ ಹಿಡಿಯಲು ಏನೂ ಸಿಗದ ಕಳವಳ ಎಲ್ಲವೂ ತಿಳಿಯುತ್ತವೆ. ಥರೋಬ್ರೆಡ್ ತಲೆಯೆತ್ತಿದರೆ ಎರಡು ಮೀಟರ್ ದಾಟುತ್ತದೆ, ಒಳ ಎತ್ತರ 2.2 ಮೀಟರಿಗಿಂತ ಕಡಿಮೆ ಬೇಡ. ಚಾವಣಿಯನ್ನು ಕತ್ತರಿಸಿ ಫೈಬರಿನಲ್ಲಿ ಎತ್ತರಿಸಿದ್ದರೆ ಬೆಸುಗೆಯ ಸುತ್ತ ಪೈಪಿನಿಂದ ನೀರು ಬಿಟ್ಟು ನೋಡಿ. ಅಡ್ಡಗೋಡೆಯ ಕೆಳಭಾಗ ಮಣಿಯುವ ರಬ್ಬರಿನದ್ದಾಗಿರಲಿ, ಏಕೆಂದರೆ ಕಾಲು ಅಗಲಿಸಿ ನಿಂತರೆ ಮಾತ್ರ ಕುದುರೆಗೆ ಸಮತೋಲ ಸಿಗುತ್ತದೆ. ಎದುರಿನ ವಾಹನಗಳಿಗೆ ಬೆದರದಂತೆ ಕುದುರೆಗಳ ತಲೆ ಎಡಕ್ಕಿರಬೇಕೆಂದು 1978ರ ಪ್ರಾಣಿ ಸಾಗಣೆ ನಿಯಮಗಳು ಹೇಳುತ್ತವೆ. ವ್ಯಾನಿನ ಅಗಲದಲ್ಲಿ ಪೂರ್ತಿ ಅಡ್ಡಲಾಗಿ ನಿಲ್ಲಿಸಲು ಸಾಧ್ಯವಿಲ್ಲದ್ದರಿಂದ ಎಡಕ್ಕೆ ಓರೆಯಾಗಿ ನಿಲ್ಲಿಸುವ ವಿಭಾಗಗಳಿರುವುದನ್ನೇ ಆರಿಸಿ.

ಅದೇ ನಿಯಮಗಳು ವೇಗವನ್ನು ಗಂಟೆಗೆ 35 ಕಿ.ಮೀ.ಗೆ ಮಿತಗೊಳಿಸುತ್ತವೆ. ನಗಬೇಡಿ, ಲೆಕ್ಕ ಹಾಕಿ: ಬೆಂಗಳೂರು ನಿಮಗೆ ಸುಮಾರು 250 ಕಿ.ಮೀ., ಅಂದರೆ ನಿಲುಗಡೆ ಬಿಟ್ಟೂ ಏಳು ತಾಸು. ಅಷ್ಟು ಹೊತ್ತು ತಲೆ ಮೇಲಕ್ಕೆ ಬಿಗಿದು ಕಟ್ಟಿದ ಕುದುರೆಗೆ ಶ್ವಾಸನಾಳದ ಕಫ, ಧೂಳು ಕೆಳಗಿಳಿದು ಹೋಗಲು ಆಸ್ಪದವಾಗದೆ ಶ್ವಾಸಕೋಶದ ಸೋಂಕು ತಗಲಬಹುದು. ದೂರ ಪ್ರಯಾಣ ಮಾಡಿದ ಕುದುರೆಗಳಿಗೆ ಜ್ವರ ಬರುವುದಕ್ಕೆ ಇದು ದೊಡ್ಡ ಕಾರಣ. ಮೂರು ನಾಲ್ಕು ಗಂಟೆಗೊಮ್ಮೆ ನೆರಳಿನಲ್ಲಿ ನಿಲ್ಲಿಸಿ ಹಗ್ಗ ಸಡಿಲಿಸಿ, ತಲೆ ತಗ್ಗಿಸಲು ಬಿಡಿ, ನೀರು ಕೊಡಿ. ವ್ಯಾನ್ ನಿಂತಿರುವಾಗಲೂ ಗಾಳಿಯಾಡುವಂತೆ ಎರಡೂ ಬದಿಗೆ ಕಿಟಕಿ, ಮೇಲೆ ಮಳೆ ತಡೆಯುವ ಗಾಳಿಗಂಡಿ ಬೇಕೇಬೇಕು. ಆನೆಚೌಕೂರಿನ ದಾರಿಯಲ್ಲಿ ಕಾಡಾನೆ ರಸ್ತೆಗಿಳಿದರೆ ಅದು ಸರಿಯುವವರೆಗೆ ಕಾಯಬೇಕಾದವರಿಗೆ ಇದರ ಬೆಲೆ ಗೊತ್ತಿರುತ್ತದೆ.

ಕಾಗದಪತ್ರಗಳ ಬಗ್ಗೆ ಹೇಳುವುದು ಕಡಿಮೆ, ಮಾಡುವುದು ಹೆಚ್ಚು. ಮೋಟಾರು ವಾಹನ ಕಾಯ್ದೆಯ ಪ್ರಕಾರ ಜಾನುವಾರು ಕೂಡ ಸರಕೇ. ಒಟ್ಟು ತೂಕ 3,000 ಕೆ.ಜಿ. ಮೀರಿದ ಸರಕು ವಾಹನಕ್ಕೆ ಪರ್ಮಿಟ್ ಬೇಕು, ಫಿಟ್‌ನೆಸ್ ಪ್ರಮಾಣಪತ್ರವಂತೂ ಬೇಕೇ ಬೇಕು. ತಮಿಳುನಾಡಿನ ನೋಂದಣಿಯಾದ್ದರಿಂದ ಅಲ್ಲಿಂದ ನಮೂನೆ 28ರ ನಿರಾಕ್ಷೇಪಣಾ ಪತ್ರ, ಮಾಲೀಕತ್ವ ಬದಲಾವಣೆಗೆ ನಮೂನೆ 29 ಮತ್ತು 30, ಸಾಲವಿದ್ದರೆ ತೀರಿದ್ದಕ್ಕೆ ನಮೂನೆ 35 ಪಡೆದು, ಕರ್ನಾಟಕದ ತೆರಿಗೆ ಕಟ್ಟಿ ಮಡಿಕೇರಿಯಲ್ಲಿ ಕೆಎ 12 ಸಂಖ್ಯೆ ಪಡೆಯಬೇಕು. ದಾಖಲೆಗೇರದ ಮಾರ್ಪಾಡು ಕಾಯ್ದೆಯ 52ನೇ ಸೆಕ್ಷನ್ನಿಗೆ ವಿರುದ್ಧ; ಅಪಘಾತವಾದರೆ ವಿಮಾ ಕಂಪನಿ ಮೊದಲು ಹಿಡಿಯುವುದೇ ಅದನ್ನು. ವಾಹನದ ವಿಮೆ ಕುದುರೆಗೆ ಅನ್ವಯಿಸುವುದಿಲ್ಲ, ಅದಕ್ಕೆ ಬೇರೆ ಪಾಲಿಸಿ ಮಾಡಿಸಿ. ಪ್ರತಿ ಪ್ರಯಾಣಕ್ಕೂ ಕುದುರೆ ಸಾಗಣೆಗೆ ಯೋಗ್ಯವಾಗಿದೆ ಎಂಬ ಪಶುವೈದ್ಯರ ಪ್ರಮಾಣಪತ್ರ ಜೊತೆಗಿರಲಿ.

ಪ್ರಶ್ನೆ: ಗೋಣಿಕೊಪ್ಪದವರು ನಾವು. ಮಕ್ಕಳ ಸವಾರಿಗೆಂದು ಸಾಕಿದ, ಸುಮಾರು 250 ಕೆ.ಜಿ. ತೂಗುವ ಒಂದು ಪೋನಿಯನ್ನು ನಮ್ಮ ತೆರೆದ ಪಿಕಪ್ಪಿನಲ್ಲಿ ಟಾರ್ಪಾಲ್ ಕಟ್ಟಿ ಹುಣಸೂರಿಗೆ ಒಯ್ಯಬಹುದೇ, ಅಥವಾ ಬೇರೆ ವಾಹನವೇ ಬೇಕೇ?

ಉತ್ತರ: ಭಾರದ ಚಿಂತೆ ನಿಮಗಿಲ್ಲ, ಪಿಕಪ್ ಅದನ್ನು ನಿರಾಯಾಸವಾಗಿ ಹೊರುತ್ತದೆ. ಆದರೆ ಪಿಕಪ್ಪಿನ ಪಕ್ಕದ ಹಲಗೆ ಪೋನಿಯ ಮೊಣಕಾಲಿನ ಆಸುಪಾಸಿನಲ್ಲಿ ಮುಗಿದುಹೋಗುತ್ತದೆ, ಗಾಳಿಗೆ ಪಟಪಟ ಬಡಿಯುವ ಟಾರ್ಪಾಲ್ ಅದನ್ನು ಬೆದರಿಸುತ್ತದೆ. ಟಾರ್ಪಾಲ್ ಬಿಟ್ಟು, ಪೋನಿಯ ಬೆನ್ನಿಗಿಂತ ಎತ್ತರಕ್ಕೆ ಕಬ್ಬಿಣದ ಚೌಕಟ್ಟು ಬೆಸೆಸಿ, ಅದನ್ನು ಆರ್‌ಸಿಗೆ ಸೇರಿಸಿ. ಹಿಂದುಗಡೆ ಎರಡು ಗಟ್ಟಿ ಅಡ್ಡಪಟ್ಟಿಗಳಿರಬೇಕು. ಒಂದಕ್ಕಿಂತ ಹೆಚ್ಚು ಪೋನಿಗಳಿದ್ದರೆ ನಡುವೆ ಕನಿಷ್ಠ 8 ಸೆಂ.ಮೀ. ದಪ್ಪದ ಬಿದಿರಿನ ಗಳ ಕಟ್ಟಬೇಕೆಂದು 1978ರ ನಿಯಮಗಳೇ ಹೇಳಿವೆ, ಅದರ ಜೊತೆಗೆ ಮೇಲೆ ಹೇಳಿದ ಕಾಯಂ ವಿಭಾಗದ ನಿಯಮವೂ ನಿಮಗೆ ಅನ್ವಯಿಸುತ್ತದೆ. ನೆಲಕ್ಕೆ ರಬ್ಬರ್ ಮ್ಯಾಟ್ ಹಾಕಿ, ಹತ್ತುವ ಹಲಗೆಗೆ ತೆಂಗಿನ ನಾರಿನ ಚಾಪೆ ಬಿಗಿಯಿರಿ, ಗೊರಸು ಜಾರುವುದಿಲ್ಲ. ಅದರ ಮೇಲೆ ಹೊದಿಕೆಗೆಂದು ತೋಟದಲ್ಲಿ ಸುಲಭವಾಗಿ ಸಿಗುವ ಕಾಫಿ ಹೊಟ್ಟನ್ನು ಮಾತ್ರ ಹರಡಬೇಡಿ. ಪೋನಿ ಅದನ್ನು ಮೆಲ್ಲುತ್ತದೆ, ಅದರಲ್ಲಿರುವ ಕೆಫೀನ್ ಕುದುರೆಗಳನ್ನು ಉದ್ರೇಕಿಸಿ ಮೈ ನಡುಗಿಸುತ್ತದೆ. ರೇಸ್ ಕ್ಲಬ್ಬುಗಳಲ್ಲಿ ಅದು ನಿಷೇಧಿತ ವಸ್ತು ಕೂಡ. ಧೂಳು ಜರಡಿ ಹಿಡಿದ ಮರದ ಹೊಟ್ಟು ಅಥವಾ ಒಣ ಭತ್ತದ ಹುಲ್ಲು ಸಾಕು.