ಕಾಗುಣಿತ ತಪ್ಪಿದ ಹದಿನಾಲ್ಕು ಅರ್ಜಿಗಳು

ತುಮಕೂರು ಜಿಲ್ಲೆಯ ಓದುಗರೊಬ್ಬರು ಪತ್ತಿನ ಸಹಕಾರ ಸಂಘದ ನಿರ್ದೇಶಕರು. ಗುಮಾಸ್ತರ ಹುದ್ದೆಗೆ ಬಂದ 31 ಅರ್ಜಿಗಳಲ್ಲಿ ಕಾಗುಣಿತ ತಪ್ಪಿದ್ದ 14ನ್ನು ಅವರು ಪಕ್ಕಕ್ಕಿಟ್ಟಿದ್ದಾರೆ. ಅದು ಅನ್ಯಾಯ ಎಂದು ಇನ್ನೊಬ್ಬ ನಿರ್ದೇಶಕರ ತಕರಾರು. ‘ಒಂದು ಪುಟ ತಪ್ಪಿಲ್ಲದೆ ಬರೆಯಲಾರದವರ ಕೈಗೆ ಸಂಘದ ಲೆಕ್ಕದ ಪುಸ್ತಕ ಕೊಡುವುದು ಹೇಗೆ?’ ಎಂದು ಕೇಳಿ, ಅರ್ಜಿಗಳಲ್ಲಿ ಕಂಡ ಕೆಲವು ತಪ್ಪುಗಳನ್ನೂ ಬರೆದು ಕಳಿಸಿದ್ದಾರೆ: ಅಣ, ಹನುಬವ, ವಿದ್ಯಾಬ್ಯಾಸ, ಗನಕಯಂತ್ರ.

ಮಾನ್ಯರೇ,

ಆ ನಾಲ್ಕು ಪದಗಳನ್ನೇ ಮೊದಲು ನೋಡೋಣ. ‘ಹಣ’ವನ್ನು ‘ಅಣ’ ಎಂದವರು ತಾವು ಆಡುವುದನ್ನೇ ಬರೆದಿದ್ದಾರೆ. ನಿಮ್ಮ ಸೀಮೆಯೂ ಸೇರಿ ಹಳೇ ಮೈಸೂರಿನ ಬಹುಪಾಲು ಮನೆಮಾತಿನಲ್ಲಿ ಪದದ ಮೊದಲ ಹಕಾರ ಬಿದ್ದುಹೋಗಿದೆ. ‘ಅನುಭವ’ ಹೋಗಿ ‘ಹನುಬವ’ ಆಗಿದ್ದು ಇದರ ತಿರುವು. ಮನೆಯಲ್ಲಿ ಹಕಾರವಿಲ್ಲದೆ ಬೆಳೆದ ಮಗುವಿಗೆ ಶಾಲೆಯಲ್ಲಿ ‘ಹ ಬಿಡಬೇಡ’ ಎಂದು ಮತ್ತೆ ಮತ್ತೆ ತಿದ್ದಿದಾಗ, ಅದು ಬೇಡದ ಕಡೆಯೂ ಹಕಾರ ಹಚ್ಚಲು ಶುರುಮಾಡುತ್ತದೆ. ಹಾಗಾಗಿ ‘ಹನುಬವ’ ಅಸಡ್ಡೆಯ ಗುರುತಲ್ಲ. ಸರಿಯಾಗಿ ಬರೆಯಬೇಕೆಂಬ ಎಚ್ಚರ ಇದ್ದವರು ಮಾತ್ರ ಮಾಡುವ ತಪ್ಪು ಅದು. ‘ಭ’ ಬದಲು ‘ಬ’ ಬರುವುದು ಇನ್ನೂ ಸಹಜ; ಓದಿದವರಲ್ಲೂ ಮಾತಿನ ಭರದಲ್ಲಿ ಮಹಾಪ್ರಾಣವನ್ನು ಬಿಡಿಸಿ ನುಡಿಯುವವರು ಕಡಿಮೆ. ಇದೇ ಕಾರಣಕ್ಕೆ ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ಮಹಾಪ್ರಾಣಗಳನ್ನು ಬರಹದಿಂದಲೇ ಬಿಡಬೇಕೆಂದು ವಾದಿಸಿದರು. ನಮ್ಮ ಪತ್ರಿಕೆ ಆ ದಾರಿ ಹಿಡಿದಿಲ್ಲ. ಆದರೆ ಕನ್ನಡಿಗರ ಬಾಯಿಯ ಬಗ್ಗೆ ಅವರು ಹೇಳಿದ್ದು ನಿಜ.

‘ಹಾಲು’ ಒಂದು ಕಾಲದಲ್ಲಿ ‘ಪಾಲ್’ ಆಗಿತ್ತು. ಪಕಾರ ಹಕಾರವಾಯಿತು, ಕೆಲವು ಸೀಮೆಗಳಲ್ಲಿ ಆ ಹಕಾರವೂ ಸವೆಯಿತು. ಮೊದಲ ಬದಲಾವಣೆ ಗ್ರಂಥಸ್ಥವಾದ್ದರಿಂದ ಶುದ್ಧವೆನಿಸಿತು, ಎರಡನೆಯದು ಹಾಗೆ ಆಗದ್ದರಿಂದ ಅಶುದ್ಧವೆನಿಸಿತು. 13ನೇ ಶತಮಾನದಲ್ಲಿ ಕೇಶಿರಾಜ ತನ್ನ ವ್ಯಾಕರಣದಲ್ಲಿ, ಈಗ ಬಳಕೆ ತಪ್ಪಿರುವ ೞಕಾರ ಬರುವ ಪದಗಳನ್ನು ಪಟ್ಟಿಮಾಡಿ ಕೊಟ್ಟ. ಏೞು, ಕೋೞಿ, ಬಾೞೆ ಎಂದು ಬರೆಯಬೇಕಿದ್ದ ಕಡೆ ನಾವೆಲ್ಲ ಈಗ ಳಕಾರ ಬರೆಯುತ್ತೇವೆ. ಆ ಅಳತೆಗೋಲು ಹಿಡಿದರೆ ನೀವು ಒಳಗಿಟ್ಟುಕೊಂಡ 17 ಅರ್ಜಿಗಳೂ ಉಳಿಯುವುದಿಲ್ಲ.

ಇನ್ನೊಂದು ಮಾತನ್ನು ನೇರವಾಗಿ ಹೇಳಬೇಕು. ಆ 17 ಅರ್ಜಿಗಳಲ್ಲಿ ‘ಜಾತ್ಯಾತೀತ’, ‘ಪ್ರಾಧಾನ್ಯತೆ’, ‘ಕೋಟ್ಯಾಧಿಪತಿ’ ಇದ್ದವೇ ಎಂದು ಹುಡುಕಿದಿರಾ? ಜಾತಿ ಮತ್ತು ಅತೀತ ಸೇರಿದರೆ ಯಣ್ ಸಂಧಿಯಂತೆ ‘ಜಾತ್ಯತೀತ’ ಆಗಬೇಕು, ‘ಕೋಟ್ಯಧಿಪತಿ’ಯೂ ಹಾಗೆಯೇ. ‘ಪ್ರಾಧಾನ್ಯ’ ಆಗಲೇ ಭಾವನಾಮ, ಅದಕ್ಕೆ ಮತ್ತೆ ‘ತೆ’ ಬೇಕಿಲ್ಲ. ಇವು ವ್ಯಾಕರಣದ ಸ್ಪಷ್ಟ ತಪ್ಪುಗಳು. ವೇದಿಕೆಯ ಭಾಷಣದಲ್ಲಿ, ಪತ್ರಿಕೆಗಳ ತಲೆಬರಹದಲ್ಲಿ ದಿನವೂ ಕಾಣುತ್ತವೆ. ಆದರೂ ಇವನ್ನು ಕಂಡು ಯಾರೂ ನಗುವುದಿಲ್ಲ, ‘ಅಣ’ ಕಂಡರೆ ನಗುತ್ತಾರೆ. ಮೊದಲಿನವು ಕಾಲೇಜು ಮೆಟ್ಟಿಲು ಹತ್ತಿದವರ ತಪ್ಪುಗಳು, ಎರಡನೆಯದು ಹೊಲಗದ್ದೆಯಿಂದ ಬಂದವರದು. ನಾವು ಅಕ್ಷರ ನೋಡುತ್ತಿದ್ದೇವೆ ಅಂದುಕೊಂಡೇ ಊರು, ಕೇರಿ, ಜಾತಿ ನೋಡುತ್ತಿರುತ್ತೇವೆ. ನನ್ನ ಮುಖ್ಯ ಆಕ್ಷೇಪ ಇಲ್ಲಿದೆ.

‘ಗನಕಯಂತ್ರ’ದ ಕತೆ ಬೇರೆಯೇ ಇರಬಹುದು. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸದಲ್ಲಿ, ಅಂದರೆ ‘ನುಡಿ’ ತಂತ್ರಾಂಶದಲ್ಲಿ ಬಳಸುವ ವಿನ್ಯಾಸದಲ್ಲಿ, ಒಂದೇ ಕೀಲಿಗೆ ನಕಾರ; ಶಿಫ್ಟ್ ಒತ್ತಿಹಿಡಿದರೆ ಣಕಾರ. ಲ-ಳ, ದ-ಧ, ತ-ಥ, ಸ-ಶ ಕೂಡ ಹೀಗೆಯೇ. ಶಿಫ್ಟ್ ಮೇಲಿನ ಬೆರಳು ಸ್ವಲ್ಪ ಬೇಗ ಎದ್ದರೂ ಸಾಕು, ‘ಅಕ್ಷರ ಬಾರದವನ’ ತಪ್ಪು ಕಾಗದದ ಮೇಲೆ ಮೂಡುತ್ತದೆ. ಬೆರಳಿನ ತಪ್ಪನ್ನೂ ಉಚ್ಚಾರದ ತಪ್ಪನ್ನೂ ಬೇರ್ಪಡಿಸಿ ನೋಡಲು ಬರುತ್ತದೆ. ಶಿಫ್ಟ್ ತಪ್ಪು ಸಾಮಾನ್ಯವಾಗಿ ಒಂದೇ ದಿಕ್ಕಿನದು: ಣ ಹೋಗಿ ನ ಬರುತ್ತದೆ, ನಕಾರದ ಜಾಗದಲ್ಲಿ ಣಕಾರ ಬರುವುದು ಅಪರೂಪ. ಅದೇ ಪುಟದಲ್ಲಿ ಬೇರೆಡೆ ‘ಗಣಿತ’ ಸರಿಯಾಗಿಯೇ ಇರುತ್ತದೆ. ಉಚ್ಚಾರದಿಂದ ಬಂದ ಗೊಂದಲವಾದರೆ ಎರಡೂ ದಿಕ್ಕಿಗೆ ಹೋಗುತ್ತದೆ, ಪದೇ ಪದೇ ಬರುತ್ತದೆ. ಅರ್ಕಾವತ್ತು ಪಕ್ಕದ ಅಕ್ಷರಕ್ಕೆ ಜಾರಿದ್ದರೆ ಹಳೆಯ ಫಾಂಟಿನಿಂದ ಯೂನಿಕೋಡಿಗೆ ಬದಲಿಸುವಾಗ ಕೆಟ್ಟಿರುವ ಸಾಧ್ಯತೆ ಹೆಚ್ಚು. ‘ಬೆಳೆ ಸಾಲ’ ಹೋಗಿ ‘ಬೆಲೆ ಸಾಲ’ ಆಗಿದ್ದರೆ ಮೊಬೈಲಿನ ಸಲಹೆಪಟ್ಟಿಯಲ್ಲಿ ಮೊದಲು ಕಂಡ ಪದವನ್ನೇ ಒತ್ತಿರಬಹುದು.

ನಿಮ್ಮ ಆತಂಕದಲ್ಲಿ ಹುರುಳಿಲ್ಲ ಎಂದು ನಾನು ಹೇಳುವುದಿಲ್ಲ. ಗುಮಾಸ್ತರ ಬರಹದಿಂದ ಸದಸ್ಯರ ಮನೆ ಮುಳುಗಬಹುದು. ‘ಸಾಲ ತೀರಿಸಿದವರಿಗೆ’ ಎಂದು ಬರೆಯುವ ಕಡೆ ‘ಸಾಲ ತೀರಿಸದವರಿಗೆ’ ಎಂದು ಬಂದರೆ ನೋಟಿಸು ಹೋಗಬಾರದ ಮನೆಗೆ ಹೋಗುತ್ತದೆ. ಇರುವ ವ್ಯತ್ಯಾಸ ಒಂದು ಗುಡಿಸು. ಎರಡೂ ಸರಿಯಾದ ಪದಗಳೇ ಆದ್ದರಿಂದ ಕಾಗುಣಿತ ಪರೀಕ್ಷಿಸುವ ತಂತ್ರಾಂಶ ಸುಮ್ಮನಿರುತ್ತದೆ. ಚೆಕ್ಕಿನಲ್ಲಿ ಅಂಕಿಗೂ ಅಕ್ಷರಕ್ಕೂ ತಾಳೆಯಾಗದಿದ್ದರೆ 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 18ನೇ ಕಲಮಿನಂತೆ ಅಕ್ಷರದಲ್ಲಿ ಬರೆದ ಮೊತ್ತವನ್ನೇ ಹಿಡಿಯಬೇಕು. ಅಲ್ಲಿ ‘ಅರವತ್ತು’ ಬದಲು ‘ಅರುವತ್ತು’ ಎಂದಿದ್ದರೆ ಏನೂ ಕೆಡುವುದಿಲ್ಲ, ‘ಹದಿನಾರು’ ಹೋಗಿ ‘ಹದಿನೇಳು’ ಆದರೆ ಕೆಡುತ್ತದೆ. ಪಹಣಿಯಲ್ಲಿ ಹನುಮಂತಪ್ಪ, ಸಾಲದ ಪುಸ್ತಕದಲ್ಲಿ ಅನುಮಂತಪ್ಪ ಎಂದಾದರೆ ಇಬ್ಬರೂ ಒಬ್ಬರೇ ಎಂದು ಸಾಬೀತು ಮಾಡಲು ಅಫಿಡವಿಟ್ಟಿನ ಖರ್ಚು ಹೊರಬೇಕಾದವರು ಆ ರೈತರೇ.

ಹಾಗಾದರೆ ನೀವು ಅಳೆಯಬೇಕಾದದ್ದು ಈ ಎಚ್ಚರವನ್ನು. ಅರ್ಜಿಯ ಪುಟದಲ್ಲಿ ಅದು ಕಾಣುವುದಿಲ್ಲ. ಅರ್ಜಿಯನ್ನು ಸೈಬರ್ ಅಂಗಡಿಯವರೋ ಅಣ್ಣನೋ ಟೈಪ್ ಮಾಡಿಕೊಟ್ಟಿರಬಹುದು. 31 ಮಂದಿಯನ್ನೂ ಕರೆದು ಒಂದು ಗಂಟೆಯ ಪರೀಕ್ಷೆ ಕೊಡಿ. ಉಕ್ತಲೇಖನ ಮಾತ್ರ ಬೇಡ. ಓದಿ ಹೇಳುವವರ ಬಾಯಲ್ಲೇ ಹಕಾರ ನಿಲ್ಲದಿದ್ದರೆ ಬರೆಯುವವರ ತಪ್ಪೇನು? ಗುಮಾಸ್ತರು ಕೆಲಸದಲ್ಲಿ ಹೆಸರುಗಳನ್ನು ಆಧಾರ್, ಪಹಣಿ ನೋಡಿಯೇ ನಮೂದಿಸುತ್ತಾರೆ. ಆದ್ದರಿಂದ ಹತ್ತು ಹೆಸರು, ಖಾತೆ ಸಂಖ್ಯೆ, ಮೊತ್ತ ಇರುವ ಹಾಳೆ ಕೊಟ್ಟು, ಮೊತ್ತವನ್ನು ಅಂಕಿಯಲ್ಲೂ ಅಕ್ಷರದಲ್ಲೂ ಬರೆಸಿ. ಸಿದ್ದಪ್ಪ, ಸಿದ್ಧಪ್ಪ ಎರಡೂ ಆ ಪಟ್ಟಿಯಲ್ಲಿರಲಿ. ಆಮೇಲೆ ಕಂತು ಬಾಕಿ ಇರುವವರಿಗೆ ನೂರು ಪದದ ನೋಟಿಸು ಬರೆಯಲು ಹೇಳಿ, ಮೇಜಿನ ಮೇಲೆ ನಿಘಂಟು ಇಡಿ. ಬರೆದು ಮುಗಿದ ಮೇಲೆ ತಪ್ಪಿರುವ ಸಾಲುಗಳಿಗೆ ಗೆರೆ ಮಾತ್ರ ಎಳೆದು, ಸರಿರೂಪ ಹೇಳದೆ ಹಾಳೆ ವಾಪಸು ಕೊಡಿ. ಹದಿನೈದು ನಿಮಿಷದಲ್ಲಿ ತಿದ್ದಿ ತರಲಿ. ನನ್ನನ್ನು ಕೇಳಿದರೆ ಈ ಎರಡನೆಯ ಪ್ರತಿಯೇ ಎಲ್ಲಕ್ಕಿಂತ ಹೆಚ್ಚು ಹೇಳುತ್ತದೆ. 50 ಅಂಕದಲ್ಲಿ ಹೆಸರು-ಮೊತ್ತಕ್ಕೆ 20, ನೋಟಿಸಿನ ಅರ್ಥ ಸ್ಪಷ್ಟವಿರುವುದಕ್ಕೆ 15, ತಿದ್ದಿದ ಪ್ರತಿಗೆ 10, ಉಳಿದ ಕಾಗುಣಿತಕ್ಕೆ 5 ಇಡಿ. ಅಂಕ ಹಾಕುವವರಿಗೆ ಅಭ್ಯರ್ಥಿಯ ಹೆಸರು ಕಾಣದಂತೆ ಹಾಳೆಯ ಮೇಲಂಚು ಮಡಚಿ ಪಿನ್ ಹೊಡೆಯಿರಿ.

ಲೆಕ್ಕದಲ್ಲಿ ಚುರುಕಾಗಿದ್ದು, ಎಷ್ಟು ತಿದ್ದಿದರೂ ಒತ್ತಕ್ಷರ ಅದಲುಬದಲಾಗುವ ಅಭ್ಯರ್ಥಿ ಸಿಕ್ಕರೆ ಡಿಸ್ಲೆಕ್ಸಿಯಾ ಇರಬಹುದೇ ಎಂದು ಯೋಚಿಸಿ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಇಂಥ ಕಲಿಕಾ ನ್ಯೂನತೆಯೂ ಇದೆ.

ಕಾಗುಣಿತದ ವಿಷಯದಲ್ಲಿ ಕಟುವಾಗಿ ಅಳೆಯಬೇಕಾದವರು ಯಾರಾದರೂ ಇದ್ದರೆ ನಮ್ಮಂಥ ಅಚ್ಚು ಹಾಕುವವರು. ನಮಗೆ ಸಮಯವಿದೆ, ಕರಡು ತಿದ್ದುವವರಿದ್ದಾರೆ, ಪಕ್ಕದಲ್ಲೇ ನಿಘಂಟು ಇದೆ, ಅದಕ್ಕೇ ಸಂಬಳ ಬರುತ್ತದೆ. ಈ ಸಂಚಿಕೆಯಲ್ಲಿ ತಪ್ಪು ಕಂಡರೆ ಪುಟ ಸಂಖ್ಯೆ ಸಹಿತ ಬರೆದು ಕಳಿಸಿ. ಆ 14 ಮಂದಿಗೆ ಪರೀಕ್ಷೆಯ ದಿನಾಂಕ ತಿಳಿಸುವ ಕಾಗದ ಈ ವಾರವೇ ಹೋಗಲಿ.

— ಸಂಪಾದಕ